ಚಿಗವ್ವನನ್ನು ನಾನೇ ಗೆಲ್ಲಿಸಿದ್ದು

ಪಂಚಾಯ್ತಿ ಎಲೆಕ್ಷನ್ ಬಂತೆಂದರೆ ನಮ್ಮೂರಲ್ಲಿ ನಗು ತಾನಾಗಿಯೇ ಹುಟ್ಟುತ್ತದೆ, ಯಾರೂ ಜೋಕು ಹೇಳಬೇಕಿಲ್ಲ. ಕೂಡ್ಲಿಗಿಯಿಂದ ಹಡಗಲಿವರೆಗೆ ಈ ಎಲೆಕ್ಷನ್ನುಗಳನ್ನು ನನ್ನಷ್ಟು ಅರೆದು ಕುಡಿದ ಹುಡುಗ ಇನ್ನೊಬ್ಬನಿಲ್ಲ. ಅನುಮಾನವಿದ್ದರೆ ನಮ್ಮೂರ ಚಹಾದಂಗಡಿಯಲ್ಲಿ ಕೇಳಿ. ಅಲ್ಲಿ ನಾನೇ ಕೂತಿರುತ್ತೇನೆ, ಹೇಳುತ್ತೇನೆ.

ಆಟೋ ಗುರುತು

ಮೊದಲ ಸಲ ನಿಂತವನು ನಮ್ಮ ಚಿಗಪ್ಪ. ಸಿಕ್ಕಿದ್ದು ಆಟೋ ಗುರುತು. ನಿಜವಾದ ಆಟೋದಲ್ಲೇ ಪ್ರಚಾರ ಮಾಡೋಣ ಎಂದು ತಲೆ ಓಡಿಸಿದವನು ನಾನು. ಮೈಕು ಕಟ್ಟಿ ಓಣಿಯ ತುದಿಗೆ ಬಂದೆವೋ ಇಲ್ಲವೋ, ಒಬ್ಬ ಅಜ್ಜಿ ಬುಟ್ಟಿ ಸಮೇತ ಹತ್ತಿ ಕೂತಳು. "ಕೊಟ್ಟೂರು ಸಂತಿಗೆ ಬಿಡಪ್ಪ."

ಇಲ್ಲ ಅನ್ನುವುದು ಚಿಗಪ್ಪನ ಬಾಯಿಗೆ ಬರುವುದಿಲ್ಲ. ಪ್ರಚಾರ ಮುಗಿಯುವವರೆಗೆ ದಿನಾ ಯಾರನ್ನೋ ಎಲ್ಲಿಗೋ ಬಿಟ್ಟಿದ್ದೇ ಬಿಟ್ಟಿದ್ದು. ಸೋತ. ಆಮೇಲೆ ಅಜ್ಜಿಯನ್ನು ಹಿಡಿದು ಕೇಳಿದೆ, "ಯಾಕಬೇ, ಓಟು ಹಾಕಲಿಲ್ಲೇನು?"

"ಹೆಂಗ ಹಾಕಲಪ್ಪ? ಗೆದ್ದರ ಆತ ಜೀಪು ಹತ್ತತಾನ. ನಮ್ಮನ್ನ ಸಂತಿಗೆ ಯಾರು ಒಯ್ಯಬೇಕು?"

ಕರಪತ್ರ

ಮುಂದಿನ ಸಲ ಸೀಟು ಮಹಿಳೆಯರಿಗೆ ಹೋಯಿತು. ಚಿಗಪ್ಪ ಹಗರಿಬೊಮ್ಮನಹಳ್ಳಿಯಲ್ಲಿ ಹೊಲಿಸಿಟ್ಟಿದ್ದ ಬಿಳಿ ಜುಬ್ಬಾ ಗೂಟಕ್ಕೆ ಹೋಯಿತು, ಚಿಗವ್ವ ನಿಂತಳು. ಅವಳಿಗೆ ಬೇಕಿದ್ದದ್ದು ಒಂದೇ, ನಮ್ಮ ಓಣಿಗೆ ನಳ. ಮದುವೆಯಾಗಿ ಬಂದಾಗಿನಿಂದ ಹಿಂದಿನ ಓಣಿಯ ನಳದಿಂದ ಕೊಡ ಹೊತ್ತು ಹೊತ್ತು ಅವಳ ಸೊಂಟವೇ ಒಂದು ಕಡೆ ವಾಲಿತ್ತು.

ಕರಪತ್ರದ ಉಸ್ತುವಾರಿ ಚಿಗಪ್ಪ ತಗೊಂಡ. ಹಾಳೆ ತುಂಬ ಕೈಮುಗಿದ ಚಿಗಪ್ಪ, ಕೆಳಗೆ ಮೂಲೆಯಲ್ಲಿ ಅಂಚೆ ಸ್ಟಾಂಪಿನಷ್ಟು ಚಿಗವ್ವ. ಅದೇ ಅಜ್ಜಿ ಹಾಳೆಯನ್ನು ಕಣ್ಣಿಗೆ ಹತ್ತಿರ ಹಿಡಿದು ಮರುಗಿದಳು, "ಮೊನ್ನಿ ಚಲೋ ಇದ್ನಲ್ಲಪ್ಪ ನಿಮ್ಮ ಚಿಗಪ್ಪ. ಯಾವಾಗ ತೀರಿಕೊಂಡ?"

ಉಡಿ

ಚಿಗವ್ವನ ಎದುರಿಗೆ ನಿಂತವಳು ಹಿಂದಿನ ಓಣಿಯ ಹೆಣ್ಣುಮಗಳು. ಆ ನಳ ಇದ್ದದ್ದೇ ಅವಳ ಮನೆ ಮುಂದೆ. ಓಟು ಕೇಳುತ್ತಾ ಅವಳು ನಮ್ಮ ಮನೆಗೂ ಬಂದು ಸೆರಗೊಡ್ಡಿ ನಿಂತಳು. "ಯಕ್ಕಾ, ನಿನ್ನ ಓಟು ನನ್ನ ಉಡಿಗೆ ಹಾಕು."

ನಾನು ಬಾಯಿ ತೆಗೆದೆ. "ನೀ ಸುಮ್ನಿರಲೇ" ಎಂದು ಚಿಗವ್ವ ಅವಳಿಗೆ ಕುಂಕುಮ ಹಚ್ಚಿ, ಉಡಿಗೆ ಕೊಬ್ಬರಿ, ಕುಬಸದ ಬಟ್ಟೆ ಹಾಕಿ, ಚಹಾ ಕುಡಿಸಿ ಕಳಿಸಿದಳು.

"ಎದುರಾಳಿಗೆ ಉಡಿ ತುಂಬೋ ಕ್ಯಾಂಡಿಡೇಟು ಎಲ್ಲ್ಯಾರ ಐತೇನು ಚಿಗವ್ವಾ?"

"ನಾಳಿ ಮುಂಜಾನಿ ನೀರು ಎಲ್ಲಿಂದ ತರಲಿ? ನಿಮ್ಮ ಚಿಗಪ್ಪನ ಜುಬ್ಬಾ ಹಿಂಡಲೇನು?"

ಬೆರಳು

ಓಟಿನ ದಿನ ನನ್ನ ಬೈಕು ನಿಲ್ಲಲಿಲ್ಲ. ಕಾಲು ನೋವಿನವರು, ಕಣ್ಣು ಕಾಣದವರು, ಎಲ್ಲರನ್ನೂ ಬೂತಿಗೆ ಸಾಗಿಸಿದೆ. ಹತ್ತಿರದ ಅರಸೀಕೆರೆಗೆ ಬೀಗರ ಮನೆಗೆ ಹೋಗಿದ್ದ ಆ ಅಜ್ಜಿಯನ್ನೂ ಬಿಡದೆ ಎಬ್ಬಿಸಿಕೊಂಡು ಬಂದೆ. ನಮ್ಮ ಕಡೆಯ ಒಂದು ಓಟು ಹೊರಗುಳಿದಿದ್ದರೆ ನನ್ನ ಹೆಸರು ಬದಲಿಸಿ ಎಂದು ಚಹಾದಂಗಡಿಯಲ್ಲಿ ಸಾರಿದ್ದೆ.

ಎಣಿಸಿದರೆ ಇಬ್ಬರಿಗೂ ಸಮ ಸಮ ಓಟು. ನನ್ನ ಮೈಯೆಲ್ಲ ಉರಿಯಿತು. "ನಮ್ಮೋರೊಳಗ ಯಾರೋ ಕೈ ಕೊಟ್ಟಾರ."

"ನಾನ," ಎಂದಳು ಚಿಗವ್ವ. "ಆಕಿ ಉಡಿ ಒಡ್ಡಿ ಕೇಳ್ಯಾಳ. ಬರೇ ಕೊಬ್ಬರಿ ಹಾಕಿ ಕಳಿಸಾಕ ಬರತೈತೇನು?"

ಎದುರಾಳಿ ನಕ್ಕಳು. "ನಾ ನಿನಗ ಹಾಕೀನಲ್ಲ ಯಕ್ಕಾ. ನಿಮ್ಮ ಓಣಿಗೆ ನಳ ಬಂದರ ಮುಂಜಾನೆದ್ದು ನಿನ್ನ ಕೊಡದ ಸಪ್ಪಳ ಕೇಳೋದಾರ ತಪ್ಪತೈತಿ."

ಕೊನೆಗೆ ಅಧಿಕಾರಿ ಡಬ್ಬಿಯಲ್ಲಿ ಎರಡು ಚೀಟಿ ಹಾಕಿ ಒಂದನ್ನು ಎತ್ತಿದರು. ಚಿಗವ್ವನ ಹೆಸರು ಬಂತು. ಗುಲಾಲು ಹಾರಿತು. ನಾನು ಎದೆ ಉಬ್ಬಿಸಿ ಎಲ್ಲರ ನಡುವೆ ನಿಂತೆ. ಫೋಟೋ ತೆಗೆಯುವವನು ಮಸಿ ಹಚ್ಚಿದ ಬೆರಳು ಎತ್ತಿರಿ ಎಂದ. ನನ್ನ ಸುತ್ತಲಿನವರೆಲ್ಲ ಎತ್ತಿದರು. ಚಿಗಪ್ಪ ಮಾತ್ರ ಲೆಕ್ಕದಲ್ಲೇ ಇದ್ದ. "ಅವರಿಬ್ಬರ ಓಟು ಅದಲು ಬದಲು ಆದ್ವು, ವಜಾ. ಹಂಗಾರ ನಮಗ ಒಂದು ಓಟು ಎಲ್ಲಿ ಕಮ್ಮಿ ಆತು?"

ಚಿಗವ್ವ ನನ್ನ ಕೈ ಹಿಡಿದೆಳೆದು ತಿರುಗಿಸಿ ನೋಡಿದಳು. ಬೆರಳು ತೊಳೆದಿಟ್ಟ ಹಾಗಿತ್ತು, ಮಸಿಯ ಚುಕ್ಕೆಯೂ ಇಲ್ಲ. ಬೆಳಿಗ್ಗೆಯಿಂದ ಗೇಟು ಹಾಕುವವರೆಗೆ ಊರನ್ನೆಲ್ಲ ಬೂತಿನ ಬಾಗಿಲಿಗೆ ಬಿಟ್ಟಿದ್ದೆ, ಒಳಗೆ ಮಾತ್ರ ಹೋಗಿರಲಿಲ್ಲ.

ಈಗ ನಮ್ಮ ಓಣಿಗೆ ನಳ ಬಂದಿದೆ. ನಾನು ಕೊಡ ಇಟ್ಟಾಗಲೆಲ್ಲ ಚಿಗವ್ವ ಅದರ ಬಾಯಿಗೆ ಕೈ ಅಡ್ಡ ಹಿಡಿಯುತ್ತಾಳೆ. "ಮೊದಲ ಬೆರಳು ತೋರ್ಸು."