ಗೋಡೆ ನಕ್ಕಿತು

ನಕ್ಕದ್ದೇ ತಪ್ಪಾಯಿತು. ಅದೇನು ಹೊಟ್ಟೆ ಹಿಡಿದುಕೊಂಡು ನಕ್ಕದ್ದಲ್ಲ. ಕಾಫಿಯ ಟ್ರೇ ಕೈಯಲ್ಲಿತ್ತು, ಮೂಗಿನಿಂದ ಒಂದಿಷ್ಟು ಗಾಳಿ ‘ಹ್ಹಿ’ ಎಂದು ತಪ್ಪಿಸಿಕೊಂಡು ಬಂತು, ಅಷ್ಟೇ. ಆದರೆ ಹಿರಿಯ ವಕೀಲರ ಕೋಣೆಯಲ್ಲಿ ಆ ಹೊತ್ತಿಗೆ ಬೇರೆ ಯಾರೂ ನಕ್ಕಿರಲಿಲ್ಲ.

ಆಸ್ತಿ ವ್ಯಾಜ್ಯದ ಕಕ್ಷಿದಾರರೊಬ್ಬರು ಇಂಗ್ಲಿಷಿನಲ್ಲಿ ತಮ್ಮ ಗೋಳು ಹೇಳಿಕೊಳ್ಳುತ್ತಿದ್ದರು. ತಾವೂ ತಮ್ಮ ತಮ್ಮನೂ ಮಾತು ಬಿಟ್ಟು ಎಷ್ಟೋ ಕಾಲವಾಯಿತು, ಏನಿದ್ದರೂ ವಕೀಲರ ಮೂಲಕವೇ. ಈಗ ನೋಡಿದರೆ ಎರಡೂ ಕಡೆಯ ವಕೀಲರೇ ಅಣ್ಣತಮ್ಮಂದಿರ ಹಾಗೆ ಆಗಿಬಿಟ್ಟಿದ್ದಾರೆ ಎಂದರು. ಮಾತು ನೇರವಾಗಿ ತಮಗೇ ತಾಗಿದ್ದರಿಂದ ಹಿರಿಯ ವಕೀಲರು ಮುಖ ಬಿಗಿದುಕೊಂಡರು. ಅವರು ನಗದ ಮೇಲೆ ಕಿರಿಯ ವಕೀಲ ನಗುವಂತಿಲ್ಲ. ಮೂಲೆಯಲ್ಲಿದ್ದ ಟೈಪಿಸ್ಟ್ ತುಟಿ ಕಚ್ಚಿಕೊಂಡಳು. ನಕ್ಕವನು ಗೋಡೆ ಒಬ್ಬನೇ.

ಗೋಡೆ ಅಂದರೆ ಆ ಕಚೇರಿಯ ಕಾಫಿಯವನು. ಆ ಹೆಸರು ಬಂದದ್ದಕ್ಕೆ ಒಂದು ಹಿನ್ನೆಲೆಯುಂಟು. ಆ ಊರಿನಲ್ಲಿ ಇಂಗ್ಲಿಷ್ ಯಾರ ಮನೆಮಾತೂ ಅಲ್ಲ, ಆದರೆ ಅದು ಬಾರದವರನ್ನು ದುರ್ಬೀನು ಹಾಕಿಕೊಂಡು ಹುಡುಕಬೇಕಿತ್ತು. ಕ್ಷೌರದವನು ಗಿರಾಕಿಯ ಕತ್ತು ಬಗ್ಗಿಸಿ ಇಂಗ್ಲಿಷಿನಲ್ಲಿ ರಾಜಕೀಯ ಮಾತಾಡುತ್ತಿದ್ದ. ತರಕಾರಿಯವಳು ಚೌಕಾಶಿಗೆ ಇಂಗ್ಲಿಷನ್ನೂ ಬೈಗುಳಕ್ಕೆ ಮನೆಮಾತನ್ನೂ ಬೇರೆ ಬೇರೆ ಇಟ್ಟುಕೊಂಡಿದ್ದಳು. ಇಂಥ ಕಡೆ ವಕೀಲರು ಗುಟ್ಟು ಕಾಪಾಡುವುದು ಹೇಗೆ? ಹಿಂದಿನ ಕಾಫಿಯವನು ಒಳಗೆ ಕೇಳಿದ್ದನ್ನೆಲ್ಲ ಬೀದಿಗೆ ಹಂಚಿ ಎರಡು ಮದುವೆ ಮುರಿದಿದ್ದ. ಆಮೇಲೆ ಹಿರಿಯ ವಕೀಲರು ಇಂಗ್ಲಿಷ್ ಒಂದಕ್ಷರವೂ ತಿಳಿಯದವನು ಬೇಕು, ಸಂಬಳ ಚೆನ್ನಾಗಿ ಕೊಡುತ್ತೇನೆ, ಕಚೇರಿಯ ಮೇಲಿನ ಮನೆಯನ್ನೂ ಬಿಟ್ಟುಕೊಡುತ್ತೇನೆ ಎಂದು ಸಾರಿದರು.

ನಮ್ಮವನಿಗೆ ಆಗ ಹೊಸದಾಗಿ ಮದುವೆಯಾಗಿತ್ತು, ಕೆಲಸ ಹೋಗಿತ್ತು. ದೇಶದೇಶದವರು ಬಂದಿಳಿಯುವ ಹೋಟೆಲಿನಲ್ಲಿ ಪೆಟ್ಟಿಗೆ ಹೊತ್ತವನಾದ್ದರಿಂದ ಇಂಗ್ಲಿಷ್ ಅವನಿಗೆ ನೀರು ಕುಡಿದಷ್ಟು ಸುಲಭ. ಆದರೂ ಗುಡ್ಡದಲ್ಲಿ ಕುರಿಗಳ ಜೊತೆ ಬೆಳೆದವನು ನಾನು, ಶಾಲೆಯ ಬಾಗಿಲು ಕಂಡವನಲ್ಲ ಎಂದು ಹೇಳಿಬಿಟ್ಟ. ವಕೀಲರು ಅವನ ಮುಖವನ್ನೇ ನೋಡುತ್ತ, ನಿನ್ನ ಕಾಲ ಬಳಿ ಹಾವಿದೆ ಎಂದು ಇಂಗ್ಲಿಷಿನಲ್ಲಿ ಹೇಳಿದರು. ಅವನು ಹಲ್ಲು ಬಿಟ್ಟು ನಿಂತ. ಕೆಲಸ ಸಿಕ್ಕಿತು. “ಇವನ ಮುಂದೆ ಏನು ಬೇಕಾದರೂ ಮಾತಾಡಿ, ಇವನು ಗೋಡೆ ಇದ್ದ ಹಾಗೆ” ಎಂದು ಅವರು ಕಕ್ಷಿದಾರರಿಗೆಲ್ಲ ಹೇಳತೊಡಗಿದರು. ಹೆಸರೂ ಅದೇ ನಿಂತಿತು.

ಅಂದಿನಿಂದ ಇಷ್ಟು ವರ್ಷಗಳಲ್ಲಿ ಅವನ ಕಿವಿಗೆ ಬೀಳದ ಮಾತಿಲ್ಲ. ಹಿರಿಯರು ಕೋರ್ಟಿಗೆ ಹೋದಾಗ ಕಿರಿಯ ವಕೀಲ ಅವರ ಕಕ್ಷಿದಾರರಿಗೆ ಫೋನು ಮಾಡಿ ಬೆಣ್ಣೆ ಹಚ್ಚುತ್ತಿದ್ದ. ಕಿರಿಯ ಹೊರಗೆ ಹೋದಾಗ ಹಿರಿಯರು ಅವನ ಬುದ್ಧಿಮಟ್ಟದ ಬಗ್ಗೆ ಬಂದವರಿಗೆಲ್ಲ ಉಪನ್ಯಾಸ ಕೊಡುತ್ತಿದ್ದರು. ಇಬ್ಬರೂ ಇಲ್ಲದಾಗ ಟೈಪಿಸ್ಟ್ ಗೆಳತಿಗೆ ಫೋನಿನಲ್ಲಿ ಇಬ್ಬರ ಕೆಮ್ಮನ್ನೂ ಅಣಕಿಸಿ ತೋರಿಸುತ್ತಿದ್ದಳು. ಇದೆಲ್ಲ ಇಂಗ್ಲಿಷಿನಲ್ಲೇ, ಗೋಡೆಯ ಎದುರಿಗೇ. ಅವನು ಕಪ್ಪು ತೊಳೆಯುತ್ತ ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದ. ದಿನವಿಡೀ ತಾನೇ ಮೋಸ ಮಾಡುತ್ತಿದ್ದುದರಿಂದ ಉಳಿದವರೂ ಏನೋ ಮಸಲತ್ತು ಮಾಡುತ್ತಿದ್ದಾರೆ ಎಂಬ ಗುಮಾನಿ ಅವನಿಗೆ ತಪ್ಪಿದ್ದಲ್ಲ.

ಈಗ ಕಕ್ಷಿದಾರರು ಹೋದ ಕೂಡಲೇ ಹಿರಿಯ ವಕೀಲರು ಕನ್ನಡಕ ತೆಗೆದು ಅವನನ್ನು ನೋಡಿದರು.

“ಯಾಕಪ್ಪಾ ನಕ್ಕೆ?”

“ಬೆಳಿಗ್ಗೆ ಅಂಗಿ ತಿರುವುಮುರುವು ಹಾಕ್ಕೊಂಡು ಹಾಲು ತರೋಕೆ ಹೋಗಿದ್ದೆ ಸಾರ್. ಅದು ನೆನಪಾಯ್ತು.”

ವಕೀಲರು ಹೂಂ ಎಂದರು. ಆ ಹೂಂ ಅವನಿಗೆ ಸರಿಬರಲಿಲ್ಲ. ಅವನು ಹೊರಗೆ ಬಂದ ಮೇಲೆ ಒಳಗೆ ಮೂವರೂ ತಲೆ ಸೇರಿಸಿ ಪಿಸುಗುಟ್ಟಿದ್ದು ಬಾಗಿಲ ಗಾಜಿನಿಂದ ಕಂಡಿತು. ಇಷ್ಟು ಕಾಲ ಅವನ ಮುಂದೆ ಗಂಟಲು ಬಿಚ್ಚಿ ಮಾತಾಡಿದವರು ಈಗ ಪಿಸುಗುಟ್ಟುತ್ತಾರೆಂದರೆ ಅರ್ಥವೇನು?

ಸ್ವಲ್ಪ ಹೊತ್ತಿಗೆ ಅವನು ಪಡಸಾಲೆಯಲ್ಲಿ ಕಸ ಗುಡಿಸುತ್ತಿದ್ದಾಗ ಕಿರಿಯ ವಕೀಲ ಹಿಂದೆ ಬಂದು ನಿಂತು, ಗೋಡೆಯ ಕಾಲರಿನ ಮೇಲೆ ದೊಡ್ಡ ಜೇಡ ಹತ್ತುತ್ತಿದೆ ಎಂದು ಇಂಗ್ಲಿಷಿನಲ್ಲಿ ಹೇಳಿದ. ಗೋಡೆಗೆ ಜೇಡವೆಂದರೆ ಪ್ರಾಣ ಹೋಗುವಷ್ಟು ಭಯ. ಕತ್ತಿನ ಮೇಲೆ ಎಂಟು ಕಾಲುಗಳು ಒಂದೊಂದಾಗಿ ನಡೆದಂತೆ ಆಯಿತು. ಆದರೂ ಪೊರಕೆ ನಿಲ್ಲಿಸಲಿಲ್ಲ. ಮೂಲೆಯವರೆಗೂ ಗುಡಿಸಿ, ಕಸ ಎತ್ತಿ, ಮೆಲ್ಲಗೆ ಅಡುಗೆಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು, ಅಂಗಿ ಕಿತ್ತೆಸೆದು ಕುಣಿದಾಡಿದ. ಅಂಗಿಯಲ್ಲಿ ಜೇಡ ಇರಲಿಲ್ಲ. ಸರಿ, ಇದು ಪರೀಕ್ಷೆಯೇ ಎಂದು ಖಾತ್ರಿಯಾಯಿತು.

ಅವನು ಮತ್ತೆ ಅಂಗಿ ಹಾಕಿಕೊಳ್ಳುವಷ್ಟರಲ್ಲಿ ಬಾಗಿಲಾಚೆ ಟೈಪಿಸ್ಟಳ ದನಿ ಕೇಳಿತು. ಸಕ್ಕರೆ ಡಬ್ಬಕ್ಕೆ ಯಾರೋ ಉಪ್ಪು ಸುರಿದುಬಿಟ್ಟಿದ್ದಾರೆ, ಪಾಪ, ಗೋಡೆ ನೋಡಿಕೊಳ್ಳದೆ ಕಾಫಿಗೆ ಹಾಕಿಬಿಟ್ಟಾನು ಎಂದು ಆಕೆ ಇಂಗ್ಲಿಷಿನಲ್ಲಿ ಮರುಕಪಡುತ್ತಿದ್ದಳು. ಅಡುಗೆಕೋಣೆಯ ಬಾಗಿಲಿಗೇ ಬಾಯಿಟ್ಟು ಪಡುವ ಮರುಕ ಅದೆಂಥದು? ಗೋಡೆ ಡಬ್ಬ ತೆರೆದು ಒಂದು ಕಾಳು ನಾಲಗೆಗೆ ಇಟ್ಟುಕೊಂಡ. ಉಪ್ಪೇ. ಈಗ ಬದಲಾಯಿಸಿದರೆ ಸಿಕ್ಕಿಬೀಳುತ್ತೇನೆಂದು ಎಂದಿನಂತೆ ಎರಡೆರಡು ಚಮಚ ಧಾರಾಳವಾಗಿ ಹಾಕಿ ಕೊಂಡುಹೋಗಿ ಕೊಟ್ಟ.

ಹಿರಿಯ ವಕೀಲರು ಒಂದು ಗುಟುಕು ಕುಡಿದರು. ಬೈಯಲಿಲ್ಲ, ಕಪ್ಪು ಎಸೆಯಲಿಲ್ಲ. ಅವರ ಮುಖ ಗಾಳಿ ಬಿಟ್ಟ ಬಲೂನಿನಂತೆ ಇಳಿದುಹೋಯಿತು. ಕಿರಿಯ ವಕೀಲ ನಿಟ್ಟುಸಿರು ಬಿಟ್ಟ. ಹಿಡಿಯಲು ಆಗಲಿಲ್ಲವಲ್ಲ ಅಂತ ಹೊಟ್ಟೆ ಉರಿ ಇವರಿಗೆ ಎಂದು ಗೋಡೆ ಒಳಗೊಳಗೇ ಲೆಕ್ಕ ಹಾಕಿದ.

ಮಧ್ಯಾಹ್ನ ಊಟಕ್ಕೆ ಮೇಲೆ ಹೋದರೆ ಹೆಂಡತಿ ಕದ ಹಾಕಿಕೊಂಡು ಇನ್ನೊಂದು ಸುದ್ದಿ ಹೇಳಿದಳು. ಬೆಳಿಗ್ಗೆ ಯಾರೋ ಇಬ್ಬರು ಟೇಪು ಹಿಡಿದು ಬಂದು ಮನೆಯನ್ನೆಲ್ಲ ಅಳೆದುಕೊಂಡು ಹೋದರಂತೆ. ಕೇಳಿದರೆ ವಕೀಲರು ಹೇಳಿದ್ದಾರೆ ಎಂದರಂತೆ.

“ನಮ್ಮನ್ನ ಓಡಿಸೋಕೆ ನೆಪ ಹುಡುಕ್ತಿದಾರೆ ರೀ. ನೀವು ಮಾತ್ರ ಸಡಿಲ ಬಿಡಬೇಡಿ. ತಲೆ ಮೇಲೆ ಸೂರು ಬಿದ್ರೂ ಇಂಗ್ಲಿಷ್ ಬರುತ್ತೆ ಅಂತ ಒಪ್ಕೋಬೇಡಿ.”

“ಒಪ್ಕೊಳ್ಳೋನಾ ನಾನು? ಉಪ್ಪಿನ ಕಾಫಿ ಕೊಟ್ಟು ಬಂದಿದೀನಿ.”

ಈ ವಯಸ್ಸಿನಲ್ಲಿ ಕೆಲಸವೂ ಹೋಗಿ ಮನೆಯೂ ಹೋದರೆ ಹೆಂಡತಿಯನ್ನು ಕಟ್ಟಿಕೊಂಡು ಎಲ್ಲಿಗೆ ಹೋಗುವುದು? ಅವನಿಗೆ ನಿಜವಾಗಿಯೂ ಅಳು ಬಂದಂತಾಯಿತು.

ಸಂಜೆ ಹೊತ್ತಿಗೆ ಅವನು ಪುಸ್ತಕದ ಬೀರುವಿನ ಗಾಜು ಒರೆಸುತ್ತಿದ್ದ. ಕಿಟಕಿಯ ಬಳಿ ನಿಂತಿದ್ದ ಟೈಪಿಸ್ಟ್ ಇದ್ದಕ್ಕಿದ್ದಂತೆ, ಅಯ್ಯೋ, ಪೊಲೀಸಿನವರು ಗೋಡೆಯ ಸ್ಕೂಟರನ್ನು ಲಾರಿಗೆ ಎತ್ತುತ್ತಿದ್ದಾರೆ ಎಂದಳು, ಇಂಗ್ಲಿಷಿನಲ್ಲಿ. ಗೋಡೆ ಒಳಗೇ ನಕ್ಕ. ಜೇಡ ಆಯಿತು, ಉಪ್ಪು ಆಯಿತು, ಈಗ ಸ್ಕೂಟರು. ಎಷ್ಟು ಸಲ ಯಾಮಾರಿಸುತ್ತಾರೆ ಇವರು? ಅವನು ಗಾಜಿನ ಮೇಲೆ ಉಸಿರು ಬಿಟ್ಟು, ಇಲ್ಲದ ಕಲೆಯನ್ನು ಉಜ್ಜಿದ. ಹೊರಗೆ ಸರಪಳಿಯ ಸದ್ದಾಯಿತು. ಆಮೇಲೆ ಲಾರಿ ಹೊರಟ ಸದ್ದು. ಬಟ್ಟೆ ಜಾಡಿಸುವ ನೆಪದಲ್ಲಿ ಕಿಟಕಿಗೆ ಹೋಗಿ ನೋಡಿದರೆ ಅವನ ಸ್ಕೂಟರು ತೊಟ್ಟಿಲ ಕೂಸಿನಂತೆ ತೂಗಾಡುತ್ತ ಬೀದಿಯ ತಿರುವಿನಲ್ಲಿ ಮರೆಯಾಗುತ್ತಿತ್ತು.

“ಅಣ್ಣಾ, ನಿಮ್ಮ ಸ್ಕೂಟರು ಹೋಯ್ತಲ್ಲ” ಎಂದು ಟೈಪಿಸ್ಟ್ ಈಗ ಮನೆಮಾತಿನಲ್ಲಿ ಹೇಳಿದಳು. ಅವಳ ಕಣ್ಣಲ್ಲಿ ನೀರಿತ್ತು. ಈ ನೀರು ಯಾಕೆಂದು ಅವನಿಗೆ ಅರ್ಥವಾಗಲಿಲ್ಲ, ಅದರ ಮೇಲೂ ಗುಮಾನಿ ಪಟ್ಟ.

ಕಚೇರಿ ಮುಚ್ಚುವ ಮುನ್ನ ಹಿರಿಯ ವಕೀಲರು ಅವನನ್ನು ಒಳಗೆ ಕರೆದು, ಎಂದೂ ಇಲ್ಲದ್ದು, ಕುರ್ಚಿ ತೋರಿಸಿದರು. ಉಳಿದಿಬ್ಬರೂ ಅಲ್ಲೇ ಇದ್ದರು.

“ಕೂತ್ಕೋ. ಹೇಗೆ ಹೇಳಬೇಕೋ ಗೊತ್ತಾಗ್ತಿಲ್ಲ” ಎಂದು ಅವರು ಶುರುಮಾಡಿದರು. ಅವರಿಗೆ ವಯಸ್ಸಾಯಿತು, ಕಟ್ಟಡವನ್ನು ಮಾರಿ ಕಚೇರಿಯನ್ನು ಪೇಟೆಯ ದೊಡ್ಡ ವಕೀಲರ ಕಂಪನಿಗೆ ಸೇರಿಸುತ್ತಿದ್ದಾರೆ. ಮೂವರಿಗೂ ಅಲ್ಲಿ ಜಾಗವಾಗಿದೆ. ಗೋಡೆಗೂ ಒಂದು ಜಾಗ ಕೇಳಿದ್ದರು. ಬಾಗಿಲಲ್ಲಿ ಕೂತು ಬಂದವರನ್ನು ಮಾತಾಡಿಸುವ ಕೆಲಸ, ಇದಕ್ಕಿಂತ ಹೆಚ್ಚಿನ ಸಂಬಳ, ಇರುವುದಕ್ಕೆ ಮನೆ. ಒಂದೇ ತೊಡಕು: ಅಲ್ಲಿ ಎಲ್ಲ ವ್ಯವಹಾರವೂ ಇಂಗ್ಲಿಷಿನಲ್ಲಿ.

“ಬೆಳಿಗ್ಗೆ ನೀನು ನಕ್ಕಾಗ ನಮಗೆ ಎಷ್ಟು ಖುಷಿಯಾಯ್ತು ಗೊತ್ತಾ? ಕೇಳ್ತಾ ಕೇಳ್ತಾ ಇವನಿಗೂ ನಾಲ್ಕು ಮಾತು ಬಂದಿರಬೇಕು, ಹಾಗಿದ್ರೆ ಕರ್ಕೊಂಡು ಹೋಗಬಹುದು ಅಂದ್ಕೊಂಡ್ವಿ. ದಿನವಿಡೀ ನೋಡಿದ್ವಿ. ನೀನು ಉಪ್ಪು ಹಾಕಿ ಕೊಟ್ಟ ಕಾಫಿನೂ ನಾನು ಕುಡಿದೆ. ನಿನ್ನ ಸ್ಕೂಟರ್ ಹೋಗ್ತಿದ್ರೂ ನೀನು ಅಲುಗಾಡಲಿಲ್ಲ. ನಿನಗೆ ನಿಜವಾಗ್ಲೂ ಒಂದಕ್ಷರ ಬರೋದಿಲ್ಲಪ್ಪ.”

ಗೋಡೆ ಎದ್ದು ನಿಂತ. ಆಮೇಲೆ ಅವನ ಬಾಯಿಂದ ಇಂಗ್ಲಿಷ್ ಹರಿಯಿತು ನೋಡಿ, ತೂಬು ತೆಗೆದ ಕೆರೆಯ ಹಾಗೆ. ತನಗೆ ಎಲ್ಲವೂ ಬರುತ್ತದೆ, ಮೊದಲ ದಿನದಿಂದಲೂ ಬರುತ್ತಿತ್ತು, ಹಾವೆಂದದ್ದೂ ತಿಳಿದಿತ್ತು, ಹೊಟ್ಟೆಪಾಡಿಗಾಗಿ ಸುಳ್ಳು ಹೇಳಿದೆ, ಈ ಕೋಣೆಯಲ್ಲಿ ಆಡಿದ ಒಂದು ಮಾತೂ ತನಗೆ ತಿಳಿಯದೆ ಹೋಗಿಲ್ಲ, ದಯವಿಟ್ಟು ಬಿಟ್ಟುಹೋಗಬೇಡಿ ಎಂದು ಒಂದೇ ಉಸಿರಿಗೆ ಹೇಳಿದ.

ಹಿರಿಯ ವಕೀಲರ ಮುಖ ಅರಳಿತು. ಟೈಪಿಸ್ಟ್ ಚಪ್ಪಾಳೆ ತಟ್ಟಲು ಕೈ ಎತ್ತಿದಳು. ಎತ್ತಿದ ಕೈ ಅಲ್ಲೇ ನಿಂತಿತು.

ಈ ಕೋಣೆಯಲ್ಲಿ ಆಡಿದ ಒಂದು ಮಾತೂ.

ಕಿರಿಯ ವಕೀಲನಿಗೆ ತಾನು ಮಾಡಿದ ಫೋನುಗಳು ನೆನಪಾದವು. ಟೈಪಿಸ್ಟಿಗೆ ಕೆಮ್ಮು ನೆನಪಾಯಿತು. ಹಿರಿಯರು ಕಿರಿಯನ ಕಡೆ ಕಳ್ಳನೋಟ ಬೀರಿ ತಟ್ಟನೆ ಕಿಟಕಿಯತ್ತ ತಿರುಗಿದರು. ಈ ಮನುಷ್ಯ ಜೊತೆಗೆ ಬಂದರೆ ದಿನಾ ಬಾಗಿಲಲ್ಲೇ ಕೂತಿರುತ್ತಾನೆ, ಬಂದವರನ್ನೆಲ್ಲ ಮಾತಾಡಿಸುತ್ತಾನೆ.

ಕೊನೆಗೆ ಹಿರಿಯ ವಕೀಲರು ಗಂಟಲು ಸರಿಮಾಡಿಕೊಂಡು ಕಿರಿಯನನ್ನು ಕೇಳಿದರು.

“ಹೊಸ ಕಂಪನಿಯವರಿಗೆ ನಾನು ಏನು ಹೇಳ್ಬೇಕು? ಇವನಿಗೆ ಇಂಗ್ಲಿಷ್ ಬರುತ್ತಾ?”

“ಎಲ್ಲಿ ಬರುತ್ತೆ ಸಾರ್? ಯಾರೋ ಒಂದೆರಡು ಮಾತು ಬಾಯಿಪಾಠ ಮಾಡಿಸಿರಬೇಕು.”

ಟೈಪಿಸ್ಟ್ ನೆಲ ನೋಡುತ್ತ ಹೌದೆಂದು ತಲೆಯಾಡಿಸಿದಳು. ತಾನು ಈಗಲೂ ಇಂಗ್ಲಿಷಿನಲ್ಲೇ ಮಾತಾಡುತ್ತಿದ್ದೇನಲ್ಲ ಎಂದು ಗೋಡೆ ಇಂಗ್ಲಿಷಿನಲ್ಲೇ ಹೇಳಿದ. ಯಾರೂ ಅವನ ಕಡೆ ತಿರುಗಲಿಲ್ಲ. ಅವನು ಇನ್ನೊಮ್ಮೆ, ಇನ್ನೂ ಸ್ಪಷ್ಟವಾಗಿ ಹೇಳಿದ. ಮೂವರೂ ತಮ್ಮ ತಮ್ಮ ಚೀಲ ಎತ್ತಿಕೊಂಡು ದೀಪ ಆರಿಸಿದರು.

ಅವನು ಖಾಲಿ ಕಪ್ಪುಗಳನ್ನು ತೊಳೆದಿಟ್ಟು ಮೇಲೆ ಹೋದ. ಹೆಂಡತಿ ಮೆಟ್ಟಿಲ ತುದಿಯಲ್ಲೇ ಕಾಯುತ್ತಿದ್ದಳು.

“ಏನಾಯ್ತು ರೀ? ನಿಮಗೆ ಇಂಗ್ಲಿಷ್ ಬರುತ್ತೆ ಅಂತ ಗೊತ್ತಾಗ್ಲಿಲ್ಲ ತಾನೇ?”

“ಗೊತ್ತಾಯ್ತು ಕಣೇ” ಎಂದು ಅವನು ಮೆಟ್ಟಿಲ ಮೇಲೆ ಕುಸಿದು ಕೂತ. “ಅದಕ್ಕೇ ಬರೋದಿಲ್ಲ ಅಂತ ತೀರ್ಮಾನ ಮಾಡಿದ್ರು.”