ಪೀಪಾಯಿ ಸೇರಿದ ಚಹಾ

ಹೆರಿಗೆಯಾಗಿ ಮಲಗಿದ್ದ ಕೆಜಾಯಾ ಗಂಡನನ್ನು ಕೇಳಿದ್ದು ಒಂದೇ ಒಂದು. "ನಿಜವಾದ ಚಹಾ ಒಂದ್ ಲೋಟ ಕುಡೀಬೇಕು ಅನ್ನಿಸ್ತಿದೆ ಕಣ್ರೀ. ಈ ಸೊಪ್ಪಿನ ಕಷಾಯ ಸಾಕಾಗಿಹೋಯ್ತು."

ಇಂಗ್ಲಿಷರ ಆಳ್ವಿಕೆಯಲ್ಲಿದ್ದ ಅಮೆರಿಕದ ಕನೆಕ್ಟಿಕಟ್ ತೀರದ ಆ ಪುಟ್ಟ ಬಂದರಿನಲ್ಲಿ ಹಡಗು ಹತ್ತುವ ಉಪ್ಪುಮಾಂಸವನ್ನು ಪರೀಕ್ಷಿಸುವುದು ಅವಳ ಗಂಡ ಎಲ್ಕಾನಾನ ಕೆಲಸ. ಒಳ್ಳೆಯ ಪೀಪಾಯಿಗೆ ಕಾಸಿದ ಕಬ್ಬಿಣದ ಮುದ್ರೆ ಒತ್ತುತ್ತಿದ್ದ, ಕೆಟ್ಟದ್ದನ್ನು ದಡದಲ್ಲೇ ಉಳಿಸುತ್ತಿದ್ದ. ಇಂಗ್ಲೆಂಡಿನ ಸುಂಕ ತೆತ್ತ ಚಹಾ ಅವನ ಸಂಬಳಕ್ಕೆ ಎಟುಕುವಂತಿರಲಿಲ್ಲ. ಮರುದಿನ ಬೆಳಿಗ್ಗೆ ಗೋದಾಮಿನ ಹಿಂದೆ ನಾವಿಕನೊಬ್ಬನಿಂದ, ಸುಂಕ ತಪ್ಪಿಸಿ ತಂದ ಡಚ್ಚರ ಕಳ್ಳಚಹಾದ ತಗಡಿನ ಡಬ್ಬಿ ಕೊಂಡ. ತಿರುಗಿದರೆ, ಸುಂಕದ ಅಧಿಕಾರಿ ಪೆಲ್ ಸಾಹೇಬ ಕೈಬೀಸುತ್ತ ಓಡಿ ಬರುತ್ತಿದ್ದಾನೆ!

ಎಲ್ಕಾನಾ ಎದುರಿಗೆ ಪರೀಕ್ಷೆಗೆಂದು ತೆರೆದಿದ್ದ ಪೀಪಾಯಿಯ ಮಾಂಸದೊಳಕ್ಕೆ ಡಬ್ಬಿ ತುರುಕಿ, ಮುಚ್ಚಳ ಬಡಿದು, "ಇದು ಕೆಟ್ಟಿದೆ, ಇಲ್ಲೇ ಇರ್ಲಿ" ಎಂದು ಕೂಗಿದ. ಸಂಜೆ ಬಂದು ತೆಗೆದುಕೊಂಡರಾಯಿತು.

ಪೀಪಾಯಿಯ ಒಡೆಯ, ಪಕ್ಕದ ಮನೆಯ ಜಾಬೆಜ್, ಬಾಲ ತುಳಿಸಿಕೊಂಡ ಬೆಕ್ಕಿನಂತೆ ಹಾರಿಬಂದ. "ಕೆಟ್ಟಿದ್ಯಾ? ನನ್ ಕೈಯಾರೆ ಉಪ್ಪು ಹಾಕಿದ್ದು ಮಾರಾಯ! ನಿನ್ನ ಮದುವೆ ಊಟಕ್ಕೂ ನಂದೇ ಮಾಂಸ!"

ಬಂದರಿನವರೆಲ್ಲ ಸುತ್ತ ನೆರೆದರು. "ತೆಗ್ದು ತೋರ್ಸಪ್ಪ!" "ಸಾಹೇಬ್ರೇ ಮೂಸಿ ನೋಡ್ಲಿ!" ಯಾರೋ ಸುತ್ತಿಗೆಯನ್ನೂ ತಂದರು. ಜಾಬೆಜ್‌ನ ಕಣ್ಣು ತುಂಬಿತ್ತು. ಅದನ್ನು ನೋಡಿ ಎಲ್ಕಾನಾ ಸುತ್ತಿಗೆಯನ್ನು ಕಸಿದುಕೊಂಡ. ಮುಚ್ಚಳ ತೆರೆದರೆ ಡಬ್ಬಿಯೂ ಸಿಕ್ಕಿಬೀಳುತ್ತಿತ್ತು.

"ನೆಗಡಿ ಕಣಪ್ಪ, ಮೂಗೇ ಕೆಲಸ ಮಾಡ್ತಿಲ್ಲ. ನಿನ್ನ ಮಾಂಸ ಬಂಗಾರ" ಎಂದವನೇ ಚುಂಯ್ ಎನ್ನುವಂತೆ ಮುದ್ರೆ ಒತ್ತಿದ. ಜಾಬೆಜ್ ಅವನನ್ನು ತಬ್ಬಿಕೊಂಡ. ಮಧ್ಯಾಹ್ನದ ಗಾಳಿಗೆ ಹಡಗು ಹಾಯಿ ಬಿಚ್ಚಿತು. ಕೆಜಾಯಾಳ ಚಹಾ ಬಾರ್ಬಡೋಸಿಗೆ ಹೊರಟಿತು.

ಸಂಜೆ ಮಂಚದಂಚಿಗೆ ಕುಳಿತು ಹೆಂಡತಿಗೆ ಎಲ್ಲ ಒಪ್ಪಿಸಿದ. ಅವಳು ಅವನ ಉಪ್ಪುಗೈ ಹಿಡಿದು, "ಹೋಗ್ಲಿ ಬಿಡಿ, ನೀವು ವಾಪಸ್ ಬಂದ್ರಲ್ಲ" ಎಂದಳು.

ಅಷ್ಟರಲ್ಲಿ ಬಾಗಿಲು ತಟ್ಟಿದ ಸದ್ದು. ತೆರೆದರೆ, ಪೆಲ್ ಸಾಹೇಬ!

ಸಾಹೇಬ ಟೋಪಿ ತೆಗೆದು ಹಿಂದೆ ಮುಂದೆ ನೋಡಿದ. "ಎಲ್ಕಾನಾ ಅವರೇ, ನಮ್ಮನೆಯಾಕೆಗೆ ಮೈ ಹುಷಾರಿಲ್ಲ, ಚಹಾ ಚಹಾ ಅಂತಿದಾಳೆ. ಸುಂಕದ ಚಹಾ ನನ್ನ ಕೈಗೂ ಎಟುಕಲ್ಲ. ಕಳ್ಳಮಾಲು ಕೊಳ್ಳೋಣ ಅಂದ್ರೆ ನನ್ನ ಕಂಡ್ರೆ ಊರೆಲ್ಲ ಓಡತ್ತೆ. ಬೆಳಿಗ್ಗೆ ನಿಮ್ಮ ಕೈಲಿ ಡಬ್ಬಿ ನೋಡಿ, ಅರ್ಧ ಕೇಳೋಣ ಅಂತ್ಲೇ ಓಡಿ ಬಂದೆ. ಒಂದ್ ಹಿಡಿಯಾದ್ರೂ ಕೊಡಿ..."

ಒಳಗಿನಿಂದ ಕೆಜಾಯಾ ನಕ್ಕ ನಗೆಗೆ ಕೂಸು ಎದ್ದು ಕಿರುಚತೊಡಗಿತು. ಅದನ್ನು ಮಲಗಿಸಲು ಇಬ್ಬರು ಅಧಿಕಾರಿಗಳೂ ಸರದಿಯ ಮೇಲೆ ತೊಟ್ಟಿಲು ತೂಗಬೇಕಾಯಿತು.