ಇಲ್ಲ ಎನ್ನಲು ಕಲಿತ ಕಂಪ್ಯೂಟರು

ನನಗೊಂದು ಕೆಟ್ಟ ಚಾಳಿಯಿದೆ. ಏನಾದರೂ ಕೆಟ್ಟರೆ ಯಾರು ಕೆಡಿಸಿದರು ಎಂದು ಮೊದಲು ಹುಡುಕುತ್ತೇನೆ, ಏನು ಕೆಟ್ಟಿದೆ ಎಂದು ಆಮೇಲೆ. ಸ್ಕೂಟರಿನ ಕೀಲಿ ಕಾಣದಿದ್ದರೆ ಹೆಂಡತಿ, ಮಗಳು, ಹಾಲಿನವನು ಎಲ್ಲರ ವಿಚಾರಣೆ ಮುಗಿಸಿ, ಕೊನೆಗೆ ಅದು ಸ್ಕೂಟರಿನಲ್ಲೇ ಸಿಕ್ಕಿಸಿರುವುದು ಕಂಡು, ಯಾರಿಗೂ ಹೇಳದೆ ಹೊರಟುಬಿಡುತ್ತೇನೆ. ಮನೆಯವರು ಇದಕ್ಕೆ ಒಗ್ಗಿಕೊಂಡಿದ್ದಾರೆ. ಹನುಮೇಶ ಒಗ್ಗಿಕೊಂಡಿರಲಿಲ್ಲ, ಪಾಪ.

ಹನುಮೇಶ ದೇವದುರ್ಗದವನು. ರಾಯಚೂರಿನಲ್ಲಿ ಚಿಕ್ಕದೊಂದು ಕಂಪ್ಯೂಟರ್ ಅಂಗಡಿ ಇಟ್ಟಿದ್ದಾನೆ. ನಾನು ಕಂಪ್ಯೂಟರ್ ನೋಡಿಕೊಳ್ಳುವ ಕಾಲೇಜಿಗೆ ಅವನಿಂದ ಒಂದು ಯಂತ್ರ ತರಿಸಿದ್ದೆವು. ಅದು ಚೆನ್ನಾಗಿ ನಡೆದರೆ ಇಡೀ ಲ್ಯಾಬಿನ ಕೆಲಸ ಅವನಿಗೇ ಎಂದು ಮಾತಾಗಿತ್ತು. ಪ್ರೊಸೆಸರು ಹೊಚ್ಚಹೊಸದು. ಅದೇ ತೊಂದರೆಯಾಯಿತು. ನಮ್ಮ ಅಂಕಪಟ್ಟಿಯ ಮುದಿ ಪ್ರೋಗ್ರಾಮು ಶುರುವಾಗುವಾಗ 'ನಿನಗೆ ಏನೇನು ಬರುತ್ತದೆ?' ಎಂದು ಪ್ರೊಸೆಸರನ್ನು ಕೇಳುತ್ತದೆ. ಇದು ಬರುವುದನ್ನೆಲ್ಲ ಹೇಳಿಬಿಡುತ್ತಿತ್ತು. ಅದರಲ್ಲಿ ಒಂದು ಹೊಸ ವಿದ್ಯೆಯನ್ನು ಬಳಸಲು ಹೋಗಿ ಪ್ರೋಗ್ರಾಮು ಮುಗ್ಗರಿಸುತ್ತಿತ್ತು. ಕಲ್ಮಲದ ನಮ್ಮ ಮಾವನಿಗೆ ಹಾಡಲು ಬರುತ್ತದೆಂದು ಮದುವೆ ಮನೆಗಳಲ್ಲಿ ನಾವು ಬಾಯಿ ಬಿಡುವುದಿಲ್ಲ. ಬಿಟ್ಟರೆ ಹಾಡಿಸುತ್ತಾರೆ, ಮಾವ ಎರಡನೆಯ ನುಡಿಗೆ ಕೆಮ್ಮು ಹತ್ತಿ ಕೂತುಬಿಡುತ್ತಾರೆ. ಇಲ್ಲೂ ಅದೇ ಉಪಾಯ ಮಾಡಿದೆ. ಕಂಪ್ಯೂಟರಿನೊಳಗೆ ಯಜಮಾನಿಕೆ ನಡೆಸುವ ಕರ್ನಲ್ ಎಂಬುದಿದೆ. ಅದಕ್ಕೆ ಒಂದು ಸಾಲು ಬರೆದು, ಯಾರು ಕೇಳಿದರೂ ಆ ವಿದ್ಯೆ ಇಲ್ಲವೆನ್ನು ಎಂದು ಕಲಿಸಿದೆ. ಅಂಕಪಟ್ಟಿಗಳು ಬಂದವು. ನಾನು ಚಹಾ ಕುಡಿದೆ, ಸಾಲನ್ನು ಮರೆತೆ.

ಮೂರು ತಿಂಗಳ ಮೇಲೆ, ಕಣ್ಣು ಕಾಣದ ವಿದ್ಯಾರ್ಥಿಗಳಿಗೆ ಪಾಠ ಓದಿ ಹೇಳುವ ಹೊಸ ತಂತ್ರಾಂಶ ಬಂತು. ಅದೂ ಅದೇ ಪ್ರಶ್ನೆ ಕೇಳಿತು. ಇಲ್ಲವೆಂಬ ಉತ್ತರ ಹೋಯಿತು. 'ಈ ಪ್ರೊಸೆಸರ್ ಬಹಳ ಹಳೆಯದು' ಎಂದು ಪರದೆಯ ಮೇಲೆ ಬರೆದು ತಂತ್ರಾಂಶ ಸುಮ್ಮನಾಯಿತು. ನಾನು ತಕ್ಷಣ ಹನುಮೇಶನಿಗೆ ಫೋನು ಹಚ್ಚಿದೆ.

"ಹಳೀ ಮಾಲು ಹೊಸ ಡಬ್ಬಿಯೊಳಗ ಹಾಕಿ ಕೊಟ್ಟೀಯಲ್ಲೋ."

"ಮಕ್ಕಳಾಣಿ ಹೊಸಾದ ಅದ ರೀ ಸರ. ನಾ ಯಾಕ ಹಂಗ ಮಾಡ್ಲಿ?"

ಮರುದಿನವೇ ಅವನು ಇನ್ನೊಂದು ಯಂತ್ರ ತಂದುಕೊಟ್ಟ. ಅಂಕಗಳೆಲ್ಲ ಹಳೆಯ ಡಿಸ್ಕಿನಲ್ಲಿದ್ದುದರಿಂದ ಅದನ್ನೇ ಬಿಚ್ಚಿ ಇದಕ್ಕೆ ಹಾಕಿದೆ. ಇದನ್ನೂ ತಂತ್ರಾಂಶ ಬಹಳ ಹಳೆಯದೆಂದಿತು. ನನಗೆ ಪಿತ್ತ ನೆತ್ತಿಗೇರಿತು. ಕೂತು ಒಂದು ಪತ್ರ ಬರೆದೆ. ಈತ ಬೇಜವಾಬ್ದಾರಿ ಮನುಷ್ಯ, ಇದ್ದದ್ದನ್ನು ಮುಚ್ಚಿಟ್ಟು ಕಾಲೇಜನ್ನು ದಾರಿ ತಪ್ಪಿಸಿದ್ದಾನೆ, ಇನ್ನು ಮುಂದೆ ಈತನ ಮಾತನ್ನು ಪರೀಕ್ಷಿಸದೆ ಯಾರೂ ನಂಬತಕ್ಕದ್ದಲ್ಲ. ಬರೆದ ಮೇಲೆ ಎರಡು ಸಲ ಓದಿ ಸಂತೋಷಪಟ್ಟೆ.

ನಮ್ಮ ಪ್ರಾಂಶುಪಾಲರಾದ ಶಾಂತಮ್ಮ ಮೇಡಂ ಮಾನ್ವಿ ಕಡೆಯ ಕುರ್ಡಿಯವರು. ಪತ್ರ ಓದಿದರು, ಸಹಿ ಹಾಕಲಿಲ್ಲ. ಹನುಮೇಶನನ್ನೂ ಕರೆಸಿ, "ಒಬ್ಬರ ಅನ್ನದ ಮಾತು ಅದ. ನನ್ನ ಮುಂದ ಇನ್ನೊಮ್ಮಿ ನೋಡ್ರಿ," ಎಂದರು. ಹನುಮೇಶ ಕುರ್ಚಿಯ ತುದಿಯಲ್ಲಿ ಕೂತಿದ್ದ. ಮೋಸವನ್ನು ರುಜುವಾತು ಮಾಡೋಣವೆಂದು ನಾನು ಕರ್ನಲ್ಲಿಗೆ ಕೊಟ್ಟ ಸೂಚನೆಗಳನ್ನು ತೆರೆದೆ. ಅಲ್ಲಿ ಆ ಸಾಲಿತ್ತು, ಡಿಸ್ಕಿನ ಜೊತೆಗೇ ಎರಡನೆಯ ಯಂತ್ರಕ್ಕೂ ಬಂದಿತ್ತು. ಅದರ ಮೇಲೆ 'ತಾತ್ಕಾಲಿಕ, ಆಮೇಲೆ ತೆಗೆಯಬೇಕು' ಎಂಬ ಟಿಪ್ಪಣಿಯಿತ್ತು. ಟಿಪ್ಪಣಿಯ ಪಕ್ಕದಲ್ಲಿ ನನ್ನ ಹೆಸರಿತ್ತು.

ಮೇಡಂ ಕೂಡ ಪರದೆ ನೋಡುತ್ತಿದ್ದರು, ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ. ನಡೆದದ್ದೆಲ್ಲ ಹೇಳಿದೆ. ಹೇಳುವಾಗ ನಿಜಕ್ಕೂ ನಾಚಿಕೆಯಾಯಿತು. ಸಾಲು ಅಳಿಸಿ ಮತ್ತೆ ಶುರು ಮಾಡಿದೆ. ತಂತ್ರಾಂಶ ಎದ್ದು ಕೂತಿತು. ಹನುಮೇಶ ದೊಡ್ಡದಾಗಿ ಉಸಿರುಬಿಟ್ಟು, "ಅಂಕಪಟ್ಟಿಗೆ ಆ ಸಾಲು ಹಾಕಿ ಮೊದಲಿನ ಮಷೀನು ಇಟ್ಕೋರಿ ಸರ, ಹೆಂಗೂ ಇಲ್ಲೇ ಅದ," ಎಂದ. ಅವನಿಗೆ ಲ್ಯಾಬಿನ ಕೆಲಸ ಸಿಕ್ಕಿತು.

ನಾನು ಪತ್ರ ಹರಿಯಲು ಕೈ ಚಾಚಿದೆ.

"ಹರಿಬ್ಯಾಡ್ರಿ, ಛಲೋ ಬರದೀರಿ," ಎಂದರು ಮೇಡಂ. "ಹೆಸರೊಂದು ಬದಲಿ ಮಾಡ್ಕೊಂಡು ಬರ್ರಿ."

ಬದಲಿಸಿ ತಂದೆ. ಹೊಸ ತಂತ್ರಾಂಶವನ್ನು ಪರೀಕ್ಷಿಸಲು ಅವರು ಅದನ್ನೇ ಓದಲು ಕೊಟ್ಟರು. ಒತ್ತಕ್ಷರಗಳಲ್ಲಿ ಅಲ್ಲಲ್ಲಿ ತಡವರಿಸಿದರೂ, ನನ್ನ ಹೆಸರನ್ನು ಮಾತ್ರ ಅದು ಒಂದು ತಪ್ಪೂ ಇಲ್ಲದೆ ಓದಿತು.